ದಾಸವಾಳ ಮತ್ತು ಅಳಿಯನ ಕಾರು

ಹನುಮಂತರಾಯರು ಆಡಿದ ಮಾತಿಗೆ ತಪ್ಪುವವರಲ್ಲ ಎಂಬುದು ತಾರ್ನಾಕದ ಸಂಗಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟು ಕೆಟ್ಟಿದೆ ಎಂಬುದರಷ್ಟೇ ಖಚಿತವಾದ ಸಂಗತಿಯಾಗಿತ್ತು. ಹಿಂದೊಮ್ಮೆ ಪಕ್ಕದ ಮನೆಯ ಭವಾನಿಬಾಯಿಯಿಂದ ಕುಕ್ಕರಿನ ರಬ್ಬರ್ ರಿಂಗು ತಂದು, ಅದು ಹರಿದುಹೋಗಿ, "ನಾಳೆ ಹೊಸಾದು ತಂದುಕೊಡ್ತೀನ್ರಿ ವೈನಿ" ಎಂದಿದ್ದರು. ಆ ನಾಳೆಯ ದಿನ ನಗರ ಬಂದ್ ಆಯಿತು. ಬಸ್ಸಿಲ್ಲ, ಆಟೋ ಇಲ್ಲ. ರಾಯರು ಹಿಮಾಯತ್‌ನಗರದವರೆಗೆ ನಡೆದುಹೋಗಿ, ಪಾತ್ರೆ ಅಂಗಡಿಯವನನ್ನು ಅವನ ಮನೆಯಿಂದ ಎಬ್ಬಿಸಿ ತಂದು, ಅರ್ಧ ಶಟರ್ ಎತ್ತಿಸಿ, ರಿಂಗು ಕೊಂಡು, ಸಂಜೆ ಕಾಲೆಳೆಯುತ್ತ ಬಂದು ಒಪ್ಪಿಸಿದರು. ಆ ರಿಂಗು ಭವಾನಿಬಾಯಿಯ ಕುಕ್ಕರಿಗೆ ಸಣ್ಣದಾಯಿತು ಎಂಬುದು ಬೇರೆ ಮಾತು. ಮಾತು ಉಳಿಯಿತು.

ಇಂಥವರು ಮಾತು ಕೊಡುವ ಮುಂಚೆ ಹತ್ತು ಸಲ ಯೋಚಿಸಬೇಕು. ರಾಯರು ಹಾಗೆ ಯೋಚಿಸುವವರೇ. ಕೇಂದ್ರ ಸರ್ಕಾರದ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕೆಲಸ. ಒಂದು ನಟ್ಟು ಹೊರಗೆ ಕೊಡಬೇಕಾದರೂ ಅದನ್ನು ತಿರುವಿ, ಮುರುವಿ, ತಾವೇ ಎಲ್ಲೋ ತಪ್ಪಿರಬಹುದೆಂದು ಮತ್ತೊಮ್ಮೆ ನೋಡಿ ಕೊಡುವವರು. ಮನೆಗೆ ಬೀಗ ಹಾಕಿದ ಮೇಲೆ ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಬೀಗ ಜಗ್ಗುವವರು. ಅವರನ್ನು ಕೆಡಿಸಿದ್ದು ಒಂದು ಸರ್ಟಿಫಿಕೇಟು.

ಮಾದಾಪುರದ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ಊರಿನವರೆಲ್ಲ ಸಂಜೆ ಕಂಪ್ಯೂಟರ್ ಕಲಿಯಲು ಹೋಗುತ್ತಿದ್ದಾಗ ರಾಯರು, ಯಾರಿಗೂ ಬೇಡವಾಗಿ ಸೀಟು ಸುಲಭವಾಗಿ ಸಿಕ್ಕಿತೆಂದು, ನಗರದ ಕೈತೋಟಗಳ ಸಮಗ್ರ ಕೀಟ ನಿರ್ವಹಣೆಯ ಸಂಜೆ ತರಗತಿಗೆ ಸೇರಿದರು. ಧಾರವಾಡದ ನಿರೀಕ್ಷಾ ಮೇಡಂ ಅಲ್ಲಿ ಪಾಠ ಮಾಡುತ್ತಿದ್ದರು. ಹುಳ ಕಂಡ ಕೂಡಲೇ ಔಷಧ ಹೊಡೆಯಬೇಡಿ. ಮೊದಲು ಕಣ್ಣಿಟ್ಟು ನೋಡಿ, ಕೆಟ್ಟ ಟೊಂಗೆ ಕತ್ತರಿಸಿ, ನೀರಿನಿಂದ ತೊಳೆಯಿರಿ, ಹುಳವನ್ನು ಕಾಯುವ ಇರುವೆಯನ್ನು ತಡೆಯಿರಿ, ಆ ಹುಳವನ್ನು ತಿನ್ನುವ ಇನ್ನೊಂದು ಹುಳವನ್ನು ಕರೆತನ್ನಿ, ವಿಷ ಕಟ್ಟಕಡೆಗೆ ಎಂಬುದು ಅವರ ಪಾಠದ ಸಾರ. ರಾಯರು ಒಂದು ತರಗತಿಯನ್ನೂ ತಪ್ಪಿಸಲಿಲ್ಲ. ಕೊನೆಗೆ ಸಿಕ್ಕ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಹೆಂಡತಿ ವನಜಾಳ ತಮ್ಮನ ಫೋಟೋ ಇದ್ದ ಮೊಳೆಗೆ ತೂಗುಹಾಕಿದರು.

"ನನ್ನ ತಮ್ಮನ್ನ ಇಳಿಸಿ ಹುಳಾ ಏರಿಸೀರಿ" ಎಂದಳು ವನಜಾ. "ಇರ್ಲಿ. ಇದರ ಫಲಾ ಉಣ್ತೀರಿ."

ಫಲ ತಡವಾಗಲಿಲ್ಲ. ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಹೊಂದಿಕೊಂಡು ದಾಸವಾಳದ ಸಾಲೊಂದಿತ್ತು. ಎರಡಾಳೆತ್ತರ ಬೆಳೆದು, ಎಲ್ಲ ಮನೆಗಳ ದೇವರಿಗೂ ಮುಂಜಾನೆ ಹೂ ಒದಗಿಸುತ್ತಿತ್ತು. ಆ ಸಾಲಿಗೆ ಹಿಟ್ಟು ತಿಗಣೆ ಹತ್ತಿತು. ಎಳೆ ಟೊಂಗೆಗಳ ಮೇಲೆಲ್ಲ ಯಾರೋ ಜೋಳದ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಬಿಳಿ. ಎಲೆ ಮುದುಡಿತು, ಮೊಗ್ಗು ಉದುರಿತು.

ಇದರಿಂದ ಎಲ್ಲರಿಗೂ ದುಃಖವಾಯಿತು, ಸಂಘದ ಅಧ್ಯಕ್ಷ ಶಿವಶರಣಪ್ಪನವರನ್ನು ಬಿಟ್ಟು. ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಅವರಿಗೆ ಒಬ್ಬನೇ ಅಳಿಯ, ರವಿಕಿರಣ, ಮಾದಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿದ್ದವನು. ಪ್ರತಿ ಭಾನುವಾರ ಹೊಸ ಕಾರಿನಲ್ಲಿ ಮಾವನ ಮನೆಗೆ ಊಟಕ್ಕೆ ಬರುತ್ತಿದ್ದ. ಒಳಗೆ ಜಾಗವಿಲ್ಲದೆ ಕಾರು ರಸ್ತೆಯಲ್ಲಿ ಎಮ್ಮೆಗಳ ನಡುವೆ ನಿಲ್ಲುತ್ತಿತ್ತು. ಅಳಿಯ ಬಿಸಿಲಲ್ಲಿ ನಿಂತರೂ ಶಿವಶರಣಪ್ಪನವರು ಸಹಿಸಿಯಾರು. ಅಳಿಯನ ಕಾರು ನಿಂತದ್ದನ್ನು ನೋಡಿದರೆ ಅವರ ಗಂಟಲಲ್ಲಿ ರೊಟ್ಟಿ ಇಳಿಯುತ್ತಿರಲಿಲ್ಲ. ದಾಸವಾಳದ ಸಾಲು ತೆಗೆದರೆ ಅಲ್ಲಿ ಸರಿಯಾಗಿ ಒಂದು ಕಾರು ಹಿಡಿಯುತ್ತಿತ್ತು.

ಮಾಳಿಗೆಯ ಮೇಲೆ ಸಭೆ ಕರೆದರು. "ರೋಗ ಹತ್ತಿದ ಗಿಡಾ ನೋಡ್ರಿ. ಇವತ್ತ ಗಿಡಕ್ಕ, ನಾಳೆ ಮಕ್ಕಳಿಗೆ. ಕಡದು, ಸಿಮೆಂಟ್ ಹಾಕಿಬಿಡೂಣು" ಎಂದರು, ಕಣ್ಣಂಚು ಒರೆಸಿಕೊಳ್ಳುತ್ತ.

ರಾಯರು ಎದ್ದು ನಿಂತರು. ಸಭೆಯಲ್ಲಿ ಅವರು ಎದ್ದು ನಿಂತದ್ದು ಅದೇ ಮೊದಲು. ಚಹಾ ಹಂಚಲು ಎದ್ದರೆಂದು ಕೆಲವರು ಕೈ ಮುಂದೆ ಮಾಡಿದರು.

"ಕಡೀಬ್ಯಾಡ್ರಿ. ನಾನು ಓದೇನಿ. ಇದಕ್ಕ ಪದ್ಧತಿ ಐತಿ."

"ಎಂಥಾ ಪದ್ಧತಿ?"

"ಆ ಹುಳಾ ತಿನ್ನೋ ಹುಳಾ ಬಿಡ್ತೀನಿ."

ಸಭೆ ನಕ್ಕಿತು. ನಗು ನೇರವಾಗಿ ರಾಯರ ಸರ್ಟಿಫಿಕೇಟಿಗೇ ತಗುಲಿತು. ಕಿವಿ ಕೆಂಪಾದವು, ಯೋಚಿಸುವ ಹತ್ತು ಸಲಗಳಲ್ಲಿ ಒಂದೂ ನೆನಪಾಗಲಿಲ್ಲ. "ದಸರಾ ಮುಗದ ಮೊದಲನೇ ಆದಿತ್ಯವಾರ ನೋಡ್ರಿ. ಈ ಗಿಡದ ಮ್ಯಾಲ ಒಂದ ಒಂದು ಬಿಳಿ ಹುಳಾ ಕಂಡ್ರೂ ನಾನ ನಿಂತು, ನನ್ನ ಬಾಯಿಲೆ ಹೇಳಿ ಕಡಸ್ತೀನಿ!"

ನಗು ನಿಂತಿತು. ಶಿವಶರಣಪ್ಪನವರ ಮುಖ ದೀಪ ಹಚ್ಚಿದ ಹಾಗೆ ಬೆಳಗಿತು. ಗಿಡ ಕಡಿಸಿದರೆ ಹೂವಿನ ಹೆಂಗಸರೆಲ್ಲ ತಮ್ಮನ್ನು ಶಪಿಸುತ್ತಾರಲ್ಲ ಎಂಬ ಚಿಂತೆ ಅವರಿಗಿತ್ತು. ಈಗ ಆ ಶಾಪಕ್ಕೆ ತಾನಾಗಿ ತಲೆಯೊಡ್ಡಿದ ಒಬ್ಬ ಸಜ್ಜನ ಸಿಕ್ಕಿದ್ದ.

"ಕೇಳಿದ್ರಿಲ್ಲೋ ಎಲ್ಲಾರೂ? ರಾಯರು ಮಾತು ಕೊಟ್ಟಾರ" ಎಂದು ಸಭೆ ಮುಗಿಸಿದರು.

ಮರುದಿನದಿಂದ ಸಮಗ್ರ ನಿರ್ವಹಣೆ ಶುರುವಾಯಿತು. ರಾಯರು ಕೆಟ್ಟ ಟೊಂಗೆ ಕತ್ತರಿಸಿದರು. ಟ್ಯಾಂಕರಿನ ನೀರು ಗಿಡಕ್ಕೆ ಸುರಿಯಲು ಅಪ್ಪಣೆಯಿಲ್ಲವಾದ್ದರಿಂದ ತಮ್ಮ ಸ್ನಾನದ ಬಕೆಟ್ ತಂದು ಗಿಡಗಳಿಗೆ ಸ್ನಾನ ಮಾಡಿಸಿ, ತಾವು ಒದ್ದೆ ಟವೆಲಿನಲ್ಲಿ ಮೈ ಒರೆಸಿಕೊಂಡು ಕೆಲಸಕ್ಕೆ ಹೋದರು. ಇರುವೆ ಹತ್ತದಂತೆ ಕಾಂಡಗಳಿಗೆ ಬಟ್ಟೆ ಸುತ್ತಿ ಲಾರಿಯ ಗ್ರೀಸ್ ಬಳಿದರು. ಇರುವೆಗಳು ನಿಂತವು. ಭವಾನಿಬಾಯಿಯ ಹೊಸ ಇಳಕಲ್ ಸೀರೆಯ ಸೆರಗೂ ಅಲ್ಲೇ ನಿಂತಿತು.

"ದೇವರಿಗೆ ಹೂ ಹರಿಯಾಕ ಬಂದ್ರ ಸೀರಿಗೆ ಆಯಿಲ್ ಸರ್ವಿಸಿಂಗ್ ಮಾಡಿ ಕಳಸ್ತೀರೇನ್ರಿ ರಾಯರ?"

"ಅದು ಇರುವಿಗ್ರಿ, ವೈನಿ."

"ನಾ ಇರುವಿ ಹಂಗ ಕಾಣ್ತೀನೇನು?"

ಭವಾನಿಬಾಯಿ ಯಾವ ದಿಕ್ಕಿನಿಂದ ನೋಡಿದರೂ ಹಾಗೆ ಕಾಣುತ್ತಿರಲಿಲ್ಲ. ರಾಯರು ತಲೆ ತಗ್ಗಿಸಿ ಗ್ರೀಸ್ ಡಬ್ಬಿಯ ಮುಚ್ಚಳ ಹಾಕಿದರು.

ಆಮೇಲೆ ನಿರೀಕ್ಷಾ ಮೇಡಂ ಕಳಿಸಿಕೊಟ್ಟ ಡಬ್ಬಿ ಬಂತು. ಗುಲಗಂಜಿ ಹುಳದ ಜಾತಿಯ ಪುಟ್ಟ ದುಂಬಿಗಳು, ಕಪ್ಪು ಬೆನ್ನು, ಕಂದು ತಲೆ. ಅಪಾರ್ಟ್‌ಮೆಂಟೆಲ್ಲ ಬಾಲ್ಕನಿಯಲ್ಲಿ ನಿಂತು ನೋಡುತ್ತಿರುವಾಗ ರಾಯರು ಡಬ್ಬಿಯ ಮುಚ್ಚಳ ತೆಗೆದು ದುಂಬಿಗಳನ್ನು ಟೊಂಗೆಯ ಮೇಲೆ ಬಿಟ್ಟರು. ಅವು ಎಲೆಗಳ ನಡುವೆ ಕಾಣೆಯಾದವು.

"ಬಂದ್ವು, ಹೋದ್ವು" ಎಂದರು ಶಿವಶರಣಪ್ಪನವರು ಮೇಲಿನಿಂದ. "ನಮ್ಮ ಇಲಾಖೆಯ ಲೈನ್‌ಮನ್ ಇದ್ದಂಗ."

ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಆಯಿತು. ಟೊಂಗೆಗಳ ಮೇಲೆ ಹೊಸ ಬಿಳಿ ಹುಳಗಳು ಕಂಡವು. ಹಳೆಯವು ಅಕ್ಕಿನುಚ್ಚಿನಷ್ಟಿದ್ದರೆ ಇವು ಅದರ ಎರಡರಷ್ಟು ದಪ್ಪ, ಮೈತುಂಬ ಹತ್ತಿಯ ಎಳೆಯಂಥ ಜಡೆ. ಹಳೆಯವು ಕೂತಲ್ಲೇ ಕೂತಿರುತ್ತಿದ್ದವು. ಇವು ಊರಗೌಡನಂತೆ ಅಡ್ಡಾಡುತ್ತಿದ್ದವು. ಬಿಟ್ಟದ್ದು ಕಪ್ಪು, ಬಂದದ್ದು ಬಿಳುಪು.

ಮೊದಲು ಕಂಡವಳು ಭವಾನಿಬಾಯಿ. ಸಂಜೆಯೊಳಗೆ ಎಲ್ಲರಿಗೂ ಗೊತ್ತಾಯಿತು. "ದಿನಾ ಬಕೆಟ್‌ಗಟ್ಟಲೆ ಜಳಕಾ ಮಾಡ್ಸಿ, ಇರುವಿ ಕಡೀದಂಗ ಕಾವಲಾ ಇಟ್ಟು ಸಾಕಾಕತ್ತಾರ. ಬಾಣಂತಿ ಮಗೂನ್ನೂ ಇಷ್ಟು ಚಂದ ಯಾರೂ ನೋಡ್ಕೊಳ್ಳೂದಿಲ್ಲ! ದಪ್ಪ ಆಗದ ಏನಾಗ್ತಾವ?" ಎಂದು ಆಕೆ ಮೆಟ್ಟಿಲ ಮೇಲೆ ನಿಂತು ಸಾರಿದಳು. ರಾಯರಿಗೆ ಹುಳದ ರಾಯರು ಎಂಬ ಬಿರುದು ಬಂತು. ಹಾಲಿನವನು ಕೂಡ, ತೆಲುಗಿನವನಾದರೂ, ಅದನ್ನು ಅಚ್ಚಗನ್ನಡದಲ್ಲೇ ಕಲಿತ.

ಯಾರೋ ನಗರಪಾಲಿಕೆಗೆ ದೂರು ಕೊಟ್ಟರು, ಮನೆಯಲ್ಲಿ ಹುಳ ಸಾಕುತ್ತಿದ್ದಾರೆಂದು. ಸೊಳ್ಳೆ ವಿಭಾಗದ ಇನ್‌ಸ್ಪೆಕ್ಟರ್ ಒಬ್ಬ ಟಾರ್ಚು ಹಿಡಿದು ಹಗಲಲ್ಲೇ ಬಂದ.

"ಪಾನಿ ಕಿದರ್ ಹೈ?" ನೀರು ಎಲ್ಲಿ ನಿಂತಿದೆ ಎಂದು ಅವನ ಮೊದಲ ಪ್ರಶ್ನೆ.

"ನೀರು ನಹೀ ಜೀ, ಹುಳ ಹೈ" ಎಂದರು ರಾಯರು, ಗಾಬರಿಯಲ್ಲಿ ಎರಡು ಭಾಷೆ ಕಲೆಸಿ.

ಇನ್‌ಸ್ಪೆಕ್ಟರ್ ದಾಸವಾಳವನ್ನು ಸುತ್ತಿದ, ಕುಂಡ ಎತ್ತಿ ನೋಡಿದ, ವನಜಾಳ ಅಡುಗೆಮನೆಗೆ ಹೋಗಿ ನೆನೆಹಾಕಿದ್ದ ಕಡಲೆಯ ಪಾತ್ರೆಗೆ ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದ. ಕಡಲೆ ಅಲುಗಾಡಲಿಲ್ಲ. ನೀರಿಲ್ಲದಲ್ಲಿ ಹುಳುವೇ ಇಲ್ಲ, ಇದ್ದರೂ ಅದು ಸರ್ಕಾರಿ ಲೆಕ್ಕದಲ್ಲಿ ಹುಳುವಲ್ಲ ಎಂದು ತೀರ್ಪು ಕೊಟ್ಟ. ಹೋಗುವಾಗ, ಬಂದದ್ದು ವ್ಯರ್ಥವಾಗಬಾರದೆಂದು, ಶಿವಶರಣಪ್ಪನವರ ಕೂಲರಿನಲ್ಲಿ ನಿಂತ ನೀರು ಕಂಡು ನೋಟಿಸು ಕೊಟ್ಟು ಹೋದ.

ಅಧ್ಯಕ್ಷರ ಸಿಟ್ಟು ನೆತ್ತಿಗೇರಿತು. "ಆದಿತ್ಯವಾರ ಬರ್ಲಿ" ಎಂದಷ್ಟೇ ಹೇಳಿ, ಕೊಡಲಿಯವನನ್ನು ಗೊತ್ತು ಮಾಡಿಬಂದರು.

ರಾಯರ ಎದುರಿಗೆ ಜನ ನಕ್ಕಷ್ಟೂ ಅವರ ಕತ್ತು ನೆಟ್ಟಗಾಗುತ್ತಿತ್ತು. "ನೋಡ್ತಿರ್ರಿ, ಪದ್ಧತಿ ನಡದೈತಿ" ಎನ್ನುತ್ತಿದ್ದರು. ಮನೆಯೊಳಗೆ ಬಂದು ಬಾಗಿಲು ಹಾಕಿದ ಕೂಡಲೇ ಕತ್ತು ಜೋಲುತ್ತಿತ್ತು.

"ವನಜಾ, ನನ್ನ ಕೈಲೇ ಏನರ ತಪ್ಪಾತೇನ?"

"ಲಗ್ನ ಆದಾಗಿಂದ ಇದನ್ನ ಕೇಳಾಕತ್ತೀರಿ. ಯಾವ ತಪ್ಪು ಅಂತ ಹೇಳ್ಲಿ?"

ಕೊನೆಗೆ ಒಂದು ಮುಂಜಾನೆ ಹಾಲು ಬರುವ ಮುಂಚೆ ರಾಯರು ಕಳ್ಳನಂತೆ ಕೆಳಗಿಳಿದು, ಕೈಗೆಟುಕುವ ಟೊಂಗೆಗಳ ಮೇಲಿದ್ದ ಆ ಜಡೆಯ ಹುಳಗಳನ್ನು ಹುಡುಕಿ ಹುಡುಕಿ ಸೋಪಿನ ನೀರಲ್ಲಿ ತಿಕ್ಕಿ ತೊಳೆದುಬಿಟ್ಟರು. ಎಟುಕದ ಮೇಲಿನ ಟೊಂಗೆಯಲ್ಲಿದ್ದವು ಉಳಿದವು. ಒಂದು ಚಿಗುರನ್ನು ಮಾತ್ರ, ದಪ್ಪನೆಯವು ಸಪೂರದವು ಎರಡೂ ಕೂತ ಹಾಗೇ, ಮುರಿದು ಡಬ್ಬಿಗೆ ಹಾಕಿಕೊಂಡು ಮಾದಾಪುರದ ಬಸ್ಸು ಹತ್ತಿದರು. ನಿರೀಕ್ಷಾ ಮೇಡಂ ಈಗ ಅಲ್ಲೊಂದು ಕಂಪನಿಯ ಹುಲ್ಲುಹಾಸು ನೋಡಿಕೊಳ್ಳುತ್ತಿದ್ದರು.

ಕಂಪನಿಯ ಗೇಟಿನಲ್ಲಿ ಕಾವಲುಗಾರ ಡಬ್ಬಿ ತೆಗೆಸಿದ. ಲ್ಯಾಪ್‌ಟಾಪು, ಫ್ಲಾಪಿ, ಕ್ಯಾಮೆರಾಗಳಿಗೆ ಅವನಲ್ಲಿ ನಿಯಮವಿತ್ತು. ಹುಳಕ್ಕೆ ಇರಲಿಲ್ಲ. ಒಳಗೆ ಹೋದ ಸಾಮಾನೆಲ್ಲ ಹಾಗೇ ಹೊರಗೆ ಬರಬೇಕು, ಎಷ್ಟಿವೆ ಹೇಳಿ ಎಂದು ಹಿಂದಿಯಲ್ಲಿ ಕೇಳಿದ.

ಬೇರೆ ಯಾರಾದರೂ ಆಗಿದ್ದರೆ ಬಾಯಿಗೆ ಬಂದ ಸಂಖ್ಯೆ ಹೇಳುತ್ತಿದ್ದರು. ರಾಯರು ಸ್ಟೋರ್ಸಿನವರು. ಭೂತಗನ್ನಡಿ ಹಿಡಿದು, ಅಡ್ಡಾಡುವವನ್ನು ಗದರಿಸುತ್ತ, ಎರಡು ಸಲ ಎಣಿಸಿ, ಹತ್ತೊಂಬತ್ತು ಎಂದು ಘೋಷಿಸಿದರು. ಕಾವಲುಗಾರನೂ ಎಣಿಸಿ ಒಪ್ಪಿದ.

ಮೇಡಂ ಮೀಟಿಂಗಿನಲ್ಲಿದ್ದರು. ಒಳಗಿನ ಬೆಂಚಿನ ಮೇಲೆ ಡಬ್ಬಿಯನ್ನು ತೊಡೆಯಲ್ಲಿಟ್ಟುಕೊಂಡು ರಾಯರು ಕಾದರು. ಊಟದ ಹೊತ್ತು ದಾಟಿತು. ಬೇಸತ್ತು ಎದ್ದು ಗೇಟಿಗೆ ಬಂದರೆ ಕಾವಲುಗಾರ ಮತ್ತೆ ಎಣಿಸಿದ. ಹದಿನಾರು.

"ಮೂರು ಎಲ್ಲಿ?" ಎಂದ.

ರಾಯರಿಗೆ ಬೆವರು ಕಿತ್ತಿತು. ಜೀವಮಾನದಲ್ಲಿ ಅವರ ಲೆಕ್ಕದಲ್ಲಿ ಒಂದು ನಟ್ಟು ಕಡಿಮೆ ಬಿದ್ದಿರಲಿಲ್ಲ. ಕಂಪನಿಯೊಳಗೆ ಹುಳ ಬಿಟ್ಟಿದ್ದಾರೆಂದು ಕಾವಲುಗಾರ ಸೀಟಿ ಊದಿದ. ಇನ್ನೂ ಇಬ್ಬರು ಓಡಿಬಂದು ರಾಯರ ಜೇಬು ತಡವಿದರು, ಚಪ್ಪಲಿ ಬಿಚ್ಚಿಸಿದರು. ರಾಯರು ಭೂತಗನ್ನಡಿಯನ್ನು ಡಬ್ಬಿಗೆ ಹಿಡಿದರು. ಜಡೆಯ ದಪ್ಪ ಹುಳದ ಬಾಯಿಂದ ಒಂದು ಹಿಟ್ಟು ತಿಗಣೆಯ ಹಿಂಭಾಗ ಇನ್ನೂ ಹೊರಗೆ ಇಣುಕುತ್ತಿತ್ತು.

"ತಿಂತು!" ಎಂದು ಕೂಗಿದರು. "ನಾಲ್ಕನೇದ್ದು ತಿನ್ನಾಕತ್ತೈತಿ! ಲೆಕ್ಕಾ ಸರಿ ಐತಿ!"

ಗೇಟಿನ ಫೋನು ಅಷ್ಟರಲ್ಲಿ ಹೊಡೆದುಕೊಂಡಿತು. ಮೇಡಂ. ರಾಯರು ಒಂದೇ ಉಸಿರಿಗೆ ಎಲ್ಲ ಹೇಳಿದರು.

"ಅಯ್ಯ ರಾಯರ, ಅವು ನೀವು ಬಿಟ್ಟ ದುಂಬಿ ಮರಿ! ಸಣ್ಣವಿದ್ದಾಗ ಹಂಗ ಇರ್ತಾವ, ತಿಗಣಿ ವೇಷ ಹಾಕ್ಕೊಂಡು. ಇರುವಿಗೆ ಗುರುತು ಹತ್ತಬಾರದು ಅಂತ. ಪಾಠದಾಗ ಅದರ ಚಿತ್ರ ತೋರ್ಸೂ ಹೊತ್ತಿಗೆ ಕರೆಂಟ್ ಹೋತು ನೋಡ್ರಿ. ಆಮ್ಯಾಲ ನಾ ಮುಂದಿನ ಪಾಠಕ್ಕ ಹೋದೆ. ಗಿಡದ ಮ್ಯಾಲ ಭಾಳ ಅದಾವ?"

ರಾಯರು ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದರು.

"ಹಲೋ?"

"ಇದ್ವು ಮೇಡಂ" ಎಂದರು ರಾಯರು, ಸಣ್ಣ ದನಿಯಲ್ಲಿ. "ಮುಂಜಾನೆ ಸೋಪ್ ಹಚ್ಚಿ ಎರದುಬಿಟ್ಟೆ."

ಬಸ್ಸಿನುದ್ದಕ್ಕೂ ತಮ್ಮ ಸೈನ್ಯಕ್ಕೆ ತಾವೇ ಸೋಪು ಹಚ್ಚಿ ಕೊಂದ ಸೇನಾಪತಿ ಚರಿತ್ರೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ರಾಯರು ಯೋಚಿಸಿದರು. ಯಾರೂ ಸಿಗಲಿಲ್ಲ.

ಆದಿತ್ಯವಾರ ಬಂತು. ಕೊಡಲಿಯವನು ಅಂಬಣ್ಣ, ಯಾದಗಿರಿ ಕಡೆಯವನು, ಹೊತ್ತಿಗೆ ಮುಂಚೆ ಬಂದು ಕಲ್ಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಅಳಿಯನ ಕಾರು ಗೇಟಿನ ಹೊರಗೆ ಆಗಲೇ ನಿಂತಿತ್ತು. ಜನ ಕುರ್ಚಿ ಸಮೇತ ಕೆಳಗಿಳಿದಿದ್ದರು. ಕೆಳಗಿನ ಟೊಂಗೆಗಳಲ್ಲಿ ಹಿಟ್ಟು ಇನ್ನೂ ಕಾಣುತ್ತಿತ್ತು. ಸೋಪು ಮುಟ್ಟದ ಮೇಲಿನ ಟೊಂಗೆಗಳು ಸ್ವಚ್ಛವಾಗಿ ಎಳೆ ಹಸಿರು ಚಿಗುರು ಬಿಟ್ಟಿದ್ದವು. ಅಲ್ಲಿಂದ ಜಡೆಯ ಮರಿಗಳು ಹೊಟ್ಟೆ ತುಂಬದೆ ಕೆಳಗಿಳಿದು ಬರುತ್ತಿದ್ದವು.

"ಬಿಳಿ ಹುಳಾ ಅದಾವ. ಎಲ್ಲಾರೂ ನೋಡ್ರಿ" ಎಂದರು ಶಿವಶರಣಪ್ಪನವರು. "ರಾಯರ, ನಡೀಲಿ. ನಿಮ್ಮ ಬಾಯಿಲೆ ಹೇಳ್ರಿ."

"ತಡೀರಿ. ಈ ದಪ್ಪನ್ನವು ಬ್ಯಾರೆ. ಇವು ನಮ್ಮವು."

"ನಿಮ್ಮವು ಅಂತ ಎಲ್ಲಾರಿಗೂ ಗೊತ್ತೈತ್ರಿ!" ಎಂದಳು ಭವಾನಿಬಾಯಿ. ಎಲ್ಲರೂ ನಕ್ಕರು.

ರಾಯರು ಸ್ಟೀಲಿನ ತಾಟು ತರಿಸಿ, ನಡುವೆ ಒಂದು ಜಡೆಯ ಮರಿಯನ್ನೂ ಸುತ್ತ ನಾಲ್ಕಾರು ತಿಗಣೆಗಳನ್ನೂ ಇಟ್ಟರು. ಜನ ಬಗ್ಗಿದರು. ಮರಿ ತಾಟಿನ ಅಂಚಿನವರೆಗೆ ಹೋಯಿತು. ತಿರುಗಿತು. ಒಂದು ತಿಗಣೆಯ ಪಕ್ಕ ಬಂದು, ಅದನ್ನು ದಾಟಿ ಹೋಯಿತು.

"ನಮಸ್ಕಾರ ಮಾಡಿ ಹೋತು" ಎಂದ ಅಂಬಣ್ಣ.

"ಬೀಗರ ಮನಿ ಇರಬೇಕು" ಎಂದರು ಅಧ್ಯಕ್ಷರು.

ಮರಿ ನಿಂತಿತು. ಬಹಳ ಹೊತ್ತು ನಿಂತಿತು. ಅಳಿಯ ರವಿಕಿರಣ ಗಡಿಯಾರ ನೋಡಿಕೊಂಡ. ಮೇಡಂ ತಪ್ಪು ಹೇಳಿರಬಹುದೇ, ತಾವು ತಪ್ಪು ಕೇಳಿರಬಹುದೇ, ಗೇಟಿನಲ್ಲಿ ಕಂಡದ್ದು ಭೂತಗನ್ನಡಿಯ ಧೂಳಿರಬಹುದೇ ಎಂದೆಲ್ಲ ರಾಯರಿಗೆ ಅನ್ನಿಸಿತು. ಅಂಬಣ್ಣ ಎರಡನೇ ಚಹಾ ಕೇಳಿದ.

ಆಗ ವನಜಾ, ಅಲ್ಲಿಯವರೆಗೆ ಬಾಗಿಲಲ್ಲೇ ನಿಂತಿದ್ದವಳು, ಬಂದು ಎಲ್ಲರನ್ನೂ ಸರಿಸಿದಳು. "ಇಷ್ಟು ಮಂದಿ ಮಾರಿ ಮ್ಯಾಲ ಮಾರಿ ಇಟ್ಟು ನಿಂತ್ರ ಯಾರಿಗೆ ಊಟ ಸೇರ್ತದ? ಹಿಂದ ಸರೀರಿ!"

ಜನ ಸರಿದರು. ಬೆಳಕು ಬಿತ್ತು. ಮರಿ ತಿರುಗಿ, ಹತ್ತಿರದ ತಿಗಣೆಯನ್ನು ಹಿಡಿದು, ಯಾವ ಸಂಕೋಚವೂ ಇಲ್ಲದೆ ತಿನ್ನತೊಡಗಿತು.

"ಹಿಡೀತು!" ಎಂದು ಮೊದಲು ಕಿರುಚಿದವಳು ಭವಾನಿಬಾಯಿ. "ಎರಡನೇದ್ದೂ ಹಿಡೀತು ನೋಡ್ರೀ! ಅಯ್ಯ ನನ್ನ ಬಂಗಾರ, ತಿನ್ನು, ತಿನ್ನು!" ಬೂಂದಿ ತಿನ್ನುವ ಮೊಮ್ಮಗನಿಗೆ ಹೇಳುವ ದನಿಯಲ್ಲೇ ಹೇಳಿದಳು. ಕುರ್ಚಿಗಳಿಂದ ಚಪ್ಪಾಳೆ ಬಿತ್ತು.

ಶಿವಶರಣಪ್ಪನವರು ಚಪ್ಪಾಳೆ ಮುಗಿಯುವವರೆಗೆ ಕಾದರು. ಇಲಾಖೆಯಲ್ಲಿ ಕಲಿತದ್ದು ವ್ಯರ್ಥವಾಗಿರಲಿಲ್ಲ.

"ಭಾಳ ಚಲೋ. ತಿನ್ಲಿ. ಆದರ ರಾಯರು ಹೇಳಿದ್ದೇನು? ತಿನ್ನೂ ಹುಳಾ ಬಿಟ್ಟು ಬ್ಯಾರೆ ಹುಳಾ ಅಂತ ಹೇಳಿದ್ರೇನು? ಒಂದ ಒಂದು ಬಿಳಿ ಹುಳಾ ಕಂಡ್ರೂ ಅಂದಿದ್ರು. ಇದೇನು, ಹಸರು ಐತೇನು?"

ಮಾತು ಅಕ್ಷರಶಃ ಅಧ್ಯಕ್ಷರ ಕಡೆಗಿತ್ತು.

"ಮಾತು ಅಂದ್ರ ಮಾತು. ನೀವು ತಪ್ಪೂ ಮನುಷ್ಯಾ ಅಲ್ಲ, ಇಡೀ ತಾರ್ನಾಕಕ್ಕ ಗೊತ್ತು. ಹೇಳ್ರಿ, ಅಂಬಣ್ಣ ಕಾಯಾಕತ್ತಾನ. ನಮ್ಮ ಅಳಿಯಂದ್ರ ಗಾಡಿ ಬಿಸಲಾಗ ಕಾಯಾಕತ್ತೈತಿ."

ಅಂಬಣ್ಣ ಎದ್ದು ಕೊಡಲಿ ಹೆಗಲಿಗೇರಿಸಿದ. ರಾಯರು ತಾಟನ್ನು ನೋಡಿ, ಅದನ್ನು ವನಜಾಳ ಕೈಗೆ ಕೊಟ್ಟರು. ಕೊಟ್ಟ ಮಾತು, ಇವತ್ತಿನವರೆಗೆ ಒಂದೂ ತಪ್ಪದೆ ಉಳಿಸಿಕೊಂಡು ಬಂದದ್ದು. ಅದನ್ನು ಬಿಟ್ಟರೆ ತಮ್ಮಲ್ಲಿ ಜನ ಗೌರವಿಸುವಂಥದ್ದು ಇನ್ನೇನೂ ಇಲ್ಲವೆಂಬ ಅನುಮಾನ ಅವರಿಗೆ ಯಾವಾಗಲೂ ಇತ್ತು. ಆದರೂ ಹೋಗಿ ದಾಸವಾಳಕ್ಕೂ ಕೊಡಲಿಗೂ ನಡುವೆ ನಿಂತರು. ಬೆನ್ನು ಗ್ರೀಸಿಗೆ ಅಂಟಿತು.

"ಹೇಳೂದಿಲ್ರಿ."

"ಏನಂದ್ರಿ?"

"ಕಡಿ ಅಂತ ಹೇಳೂದಿಲ್ಲ."

"ಅಂದ್ರ ಮಾತು?"

"ತಪ್ಪಿದೆ."

ವನಜಾಳ ಕೈಯಿಂದ ತಾಟು ಜಾರುವುದರಲ್ಲಿತ್ತು. ಭವಾನಿಬಾಯಿ ಅದನ್ನು, ಒಳಗಿನ ಬಂಗಾರದ ಸಮೇತ, ಹಿಡಿದುಕೊಂಡಳು.

ಅಂಬಣ್ಣ ತಲೆ ಕೆರೆದುಕೊಂಡ. "ಸಾಹುಕಾರ್ರ, ಆ ರಾಯರ ಬಾಯಿಲೆ ಹೇಳಿಸ್ಕೊಂಡ ಕಡೀ ಅಂತ ನೀವ ಹೇಳಿದ್ರಿ. ಅವರು ಒಲ್ಲೆ ಅಂದ್ರು. ಈಗೇನು ನೀವು ಹೇಳ್ತೀರೇನು?"

ಶಿವಶರಣಪ್ಪನವರು ಸುತ್ತ ನೋಡಿದರು. ಹೆಂಗಸರೆಲ್ಲ, ತಮ್ಮ ಹೆಂಡತಿಯೂ ಸೇರಿ, ಖಾಲಿ ಹೂಬುಟ್ಟಿ ಹಿಡಿದು ಅವರ ಬಾಯಿಯನ್ನೇ ನೋಡುತ್ತಿದ್ದರು. ಅಳಿಯ ಮೆಲ್ಲಗೆ, "ಮಾವಾರ, ಊಟ ಮಾಡೂಣ ನಡೀರಿ, ಕಾರು ಅಲ್ಲೇ ಇರ್ಲಿ" ಎಂದ. ಆ ಒಳ್ಳೆಯ ಮಾತನ್ನೇ ಅವರಿಂದ ತಡೆಯಲಾಗಲಿಲ್ಲ. ಬೆರಳು ಚಾಚಿ, ಕಟ್ಟಡಕ್ಕೆಲ್ಲ ಕೇಳುವಂತೆ ಕೂಗಿದರು:

"ನೋಡ್ರಿ ಎಲ್ಲಾರೂ! ಹನುಮಂತರಾಯ ಮಾತಿಗೆ ತಪ್ಪಿದ ಮನುಷ್ಯಾ!"

ಅಂಗಿಯ ಬೆನ್ನು ಗಿಡಕ್ಕೆ ಅಂಟಿಕೊಂಡಿದ್ದರಿಂದ ಹನುಮಂತರಾಯರು ಕತ್ತನ್ನಷ್ಟೇ ಮೇಲೆತ್ತಿ, ಬಾಲ್ಕನಿಗಳನ್ನು ಒಂದೊಂದಾಗಿ ನೋಡಿದರು.

"ಇನ್ನೊಮ್ಮೆ ಹೇಳ್ರಿ ಅಧ್ಯಕ್ಷರ" ಎಂದರು. "ಮೂರನೇ ಮಾಳಿಗಿಯವರು ಈಗ ಹೊರಗ ಬಂದಾರ. ಅವರಿಗೆ ಕೇಳ್ಸಿಲ್ಲ."